ತೋಟ ಯಾರದು?

ಮನುಷ್ಯನು ಭೂಮಿಯ ಮೇಲೆ ಬಿಟ್ಟುಹೋಗುವ ಕುರುಹುಗಳಲ್ಲಿ ತೋಟದಷ್ಟು ದುರ್ಬಲವಾದುದು ಬಹುಶಃ ಇನ್ನೊಂದಿಲ್ಲ. ಕೋಟೆಯು ರಾಜನಿಲ್ಲದೆ ಸಾವಿರ ವರ್ಷ ನಿಲ್ಲಬಲ್ಲುದು. ಗೋಪುರವು ಕಟ್ಟಿಸಿದವನ ಹೆಸರು ಮರೆತುಹೋದ ಮೇಲೂ ತಲೆಯೆತ್ತಿ ನಿಂತಿರುತ್ತದೆ. ಆದರೆ ತೋಟಕ್ಕೆ ನಾಲ್ಕು ಬೇಸಿಗೆ ನೀರುಣಿಸುವವರು ಇಲ್ಲವಾದರೆ ಸಾಕು, ಮುಳ್ಳು ತುಂಬುತ್ತದೆ, ಕಾಲುವೆ ಹೂಳುತ್ತದೆ, ಮರಗಳು ಒಂದೊಂದಾಗಿ ಒಣಗುತ್ತವೆ. ಆದುದರಿಂದಲೇ ಬಹಳ ಹಳೆಯದೊಂದು ತೋಟವು ಇಂದಿಗೂ ಹಸಿರಾಗಿದೆ ಎಂದು ಕೇಳಿದಾಗ ನಮ್ಮ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳಬೇಕು. ಇದನ್ನು ಕಟ್ಟಿದವರು ಯಾರು? ಇಷ್ಟು ಕಾಲ ಉಳಿಸಿದವರು ಯಾರು? ಇವೆರಡಕ್ಕೂ ಉತ್ತರ ಸಿಕ್ಕ ಬಳಿಕ ಮೂರನೆಯ ಪ್ರಶ್ನೆಯೊಂದು ತಾನಾಗಿಯೇ ಬರುತ್ತದೆ: ಹಾಗಾದರೆ ಈ ತೋಟ ಯಾರದು?

ಇದು ಕೇವಲ ತೋಟದ ಪ್ರಶ್ನೆಯಲ್ಲ. ಪೂರ್ವಜರು ಬಿಟ್ಟುಹೋದ ಎಲ್ಲ ಒಳಿತುಗಳ ವಿಷಯದಲ್ಲೂ ನಾವು ಇದೇ ಪ್ರಶ್ನೆಯನ್ನು ಎದುರಿಸುತ್ತೇವೆ. ಅದನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ನಿಜವಾದ ಒಂದು ತೋಟವನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು.

ಇಟಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಸಿಸಿಲಿ ಎಂಬ ದೊಡ್ಡ ದ್ವೀಪವಿದೆ. ಅದರ ದಕ್ಷಿಣ ಕರಾವಳಿಯಲ್ಲಿರುವ ಅಗ್ರಿಜೆಂಟೊ ನಗರದ ಬಳಿ ಪ್ರಾಚೀನ ಗ್ರೀಕರ ದೇವಾಲಯಗಳ ಅವಶೇಷಗಳಿರುವ ಒಂದು ಪ್ರದೇಶವಿದೆ. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಪ್ರವಾಸಿಗಳು ಹೆಚ್ಚಾಗಿ ಬರುವುದು ಅಲ್ಲಿನ ಕಲ್ಲಿನ ಕಂಬಗಳನ್ನು ನೋಡಲು. ಆದರೆ ಎರಡು ದೇವಾಲಯಗಳ ಅವಶೇಷಗಳ ನಡುವಿನ ತಗ್ಗಿನಲ್ಲಿ ಸುಮಾರು 5 ಹೆಕ್ಟೇರಿನಷ್ಟು ಜಾಗದಲ್ಲಿ ಒಂದು ಹಣ್ಣಿನ ತೋಟವಿದೆ. ಅದರ ಹೆಸರು ಕೊಲಿಂಬೆತ್ರ.

ಸೆರೆಯಾಳುಗಳು ಅಗೆದ ಸುರಂಗಗಳು

ಈ ತೋಟದ ಕತೆಯು ಹಸಿರಿನಿಂದ ಆರಂಭವಾಗುವುದಿಲ್ಲ, ಯುದ್ಧದಿಂದ ಆರಂಭವಾಗುತ್ತದೆ. ಕ್ರಿ.ಪೂ. 480ರಲ್ಲಿ ಸಿಸಿಲಿಯ ಹಿಮೇರ ಎಂಬಲ್ಲಿ ಗ್ರೀಕರಿಗೂ ಉತ್ತರ ಆಫ್ರಿಕಾದ ಕಾರ್ಥೇಜಿನವರಿಗೂ ದೊಡ್ಡ ಕಾಳಗ ನಡೆಯಿತು. ಕಾರ್ಥೇಜಿನವರು ಸೋತರು. ಅವರ ಅಸಂಖ್ಯಾತ ಸೈನಿಕರು ಸೆರೆಯಾದರು. ಆಗ ಅಗ್ರಿಜೆಂಟೊ ನಗರವನ್ನು, ಅಂದರೆ ಅಂದಿನ ಅಕ್ರಗಾಸನ್ನು, ಥೆರೋನ್ ಎಂಬ ಅರಸನು ಆಳುತ್ತಿದ್ದನು. ಸೆರೆಯಾಳುಗಳಲ್ಲಿ ಬಹುಪಾಲು ಅವನ ನಗರದ ಕೈಸೇರಿದರು.

ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಬದುಕಿದ್ದ ಡಿಯೊಡೋರಸ್ ಎಂಬ ಇತಿಹಾಸಕಾರನು ತಾನೂ ಸಿಸಿಲಿಯವನೇ. ಅವನ ವಿವರಣೆಯಂತೆ ಆ ನಗರದ ಕೆಲವು ಖಾಸಗಿ ವ್ಯಕ್ತಿಗಳ ಬಳಿಯೇ ಐನೂರು ಸೆರೆಯಾಳುಗಳಿದ್ದರು. ನಗರದ ಸೊತ್ತಾದ ಸೆರೆಯಾಳುಗಳಿಂದ ದೇವಾಲಯಗಳಿಗೆ ಕಲ್ಲು ಕಡಿಸಲಾಯಿತು. ನೆಲದಡಿಯಲ್ಲಿ ನೀರಿನ ಸುರಂಗಗಳನ್ನು ಕೊರೆಸಲಾಯಿತು. ಆ ಕೆಲಸದ ಉಸ್ತುವಾರಿ ನಡೆಸಿದ ಫೈಯಾಕ್ಸ್ ಎಂಬವನ ಹೆಸರು ಸುರಂಗಗಳಿಗೆ ಬಂತು. ಅದರೊಂದಿಗೆ ಏಳು ಸ್ಟೇಡಿಯಂ ಸುತ್ತಳತೆಯ, ಅಂದರೆ ಸುಮಾರು 1.3 ಕಿಲೋಮೀಟರ್ ಸುತ್ತಳತೆಯ ಮತ್ತು 20 ಮೊಳ ಆಳದ ಬಹುವೆಚ್ಚದ ಕೊಳವೊಂದು ಸಿದ್ಧವಾಯಿತು. ಅದರಲ್ಲಿ ಮೀನುಗಳನ್ನು ಸಾಕುತ್ತಿದ್ದರು. ಹಂಸಗಳು ಬಂದು ಈಜುತ್ತಿದ್ದುವು. ಆ ಕೊಳವೇ ಕೊಲಿಂಬೆತ್ರ.

ಫೈಯಾಕ್ಸನ ಹೆಸರು ಇಂದಿಗೂ ಇದೆ. ಥೆರೋನನ ಹೆಸರೂ ಇದೆ. ಆದರೆ ಕತ್ತಲಿನಲ್ಲಿ ಉಳಿ ಹಿಡಿದು ಬಂಡೆ ಕೊರೆದ ಸಾವಿರಾರು ಜನರಲ್ಲಿ ಒಬ್ಬನ ಹೆಸರಾದರೂ ನಮಗೆ ತಿಳಿದಿದೆಯೇ? ಇಲ್ಲ. ಅವರು ಕೊರೆದ ಸುರಂಗಗಳು ಮಾತ್ರ ಎರಡೂವರೆ ಸಾವಿರ ವರ್ಷಗಳ ಬಳಿಕವೂ ಅದೇ ತೋಟಕ್ಕೆ ನೀರು ತರುತ್ತಿವೆ. ಇತಿಹಾಸದ ನ್ಯಾಯವು ಎಷ್ಟು ಅಪೂರ್ಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ಯಾರ ಬೆವರನ್ನೂ ಮರೆಯದ ಒಂದು ಲೆಕ್ಕಾಚಾರದ ದಿನ ಇರಲೇಬೇಕೆಂದು ಮನುಷ್ಯನ ಆತ್ಮಸಾಕ್ಷಿ ಕೇಳುವುದು ಇಂತಹ ಕಡೆಗಳಲ್ಲಿಯೇ.

ಕೊಳ ಹೋಯಿತು, ತೋಟ ಬಂತು

ಅಷ್ಟು ಖರ್ಚು ಮಾಡಿ, ಅಷ್ಟು ಜನರನ್ನು ದುಡಿಸಿ ಕಟ್ಟಿದ ಕೊಳವು ಏನಾಯಿತು? ಕಾಲಕ್ರಮದಲ್ಲಿ ಹೂಳು ತುಂಬಿ ಅದು ಮುಚ್ಚಿಹೋಯಿತೆಂದು ಅದೇ ಡಿಯೊಡೋರಸನು ತಿಳಿಸುತ್ತಾನೆ. ಅಂದರೆ ಅವನ ಕಾಲಕ್ಕಾಗಲೇ ಮೀನುಗಳೂ ಇರಲಿಲ್ಲ, ಹಂಸಗಳೂ ಇರಲಿಲ್ಲ. ಆದರೆ ಹೂಳು ಬಿದ್ದ ಆ ನೆಲ ಫಲವತ್ತಾಗಿತ್ತು. ಊರಿನ ಜನರು ಅಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿಸಿದರು, ಬಗೆಬಗೆಯ ಮರಗಳನ್ನು ಒತ್ತೊತ್ತಾಗಿ ನೆಟ್ಟರು, ಒಳ್ಳೆಯ ಆದಾಯ ಪಡೆದರು ಎಂದು ಅವನು ಬರೆದಿದ್ದಾನೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ವೈಭವದ ಪ್ರದರ್ಶನಕ್ಕಾಗಿ ಕಟ್ಟಿದ್ದು ಕೆಲವು ತಲೆಮಾರುಗಳಲ್ಲಿ ಹೂತುಹೋಯಿತು. ಹೊಟ್ಟೆಗಾಗಿ, ನೆರಳಿಗಾಗಿ ನೆಟ್ಟದ್ದು ಅದೇ ಗುಂಡಿಯಿಂದ ಎದ್ದುಬಂತು. ಮೊದಲನೆಯದಕ್ಕೆ ಅರಸನ ಆಜ್ಞೆ ಮತ್ತು ಸೆರೆಯಾಳುಗಳ ಸಂಕೋಲೆ ಬೇಕಾಗಿತ್ತು. ಎರಡನೆಯದಕ್ಕೆ ರೈತನ ಗುದ್ದಲಿ ಸಾಕಾಗಿತ್ತು. ಪ್ರದರ್ಶನಕ್ಕಾಗಿ ಮಾಡಿದ್ದೆಲ್ಲ ನಾಶವಾಗುತ್ತದೆ, ಉಪಯೋಗಕ್ಕಾಗಿ ಮಾಡಿದ್ದೆಲ್ಲ ಉಳಿಯುತ್ತದೆ ಎಂಬ ನಿಯಮವನ್ನು ಇದರಿಂದ ಹೊರಡಿಸಲಾಗದು. ಪಕ್ಕದಲ್ಲೇ ದೇವಾಲಯಗಳ ಕಂಬಗಳು ಇನ್ನೂ ನಿಂತಿವೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಂಬಗಳು ನಿಂತಿರುವುದು ಅವಶೇಷವಾಗಿ. ತೋಟ ಉಳಿದಿರುವುದು ಜೀವಂತವಾಗಿ. ಜೀವಂತವಾಗಿ ಉಳಿಯಬೇಕಾದರೆ ಪ್ರತಿಯೊಂದು ತಲೆಮಾರಿನಲ್ಲೂ ಯಾರಾದರೊಬ್ಬರು ಬೆಳಿಗ್ಗೆ ಎದ್ದು ಕೆಲಸಕ್ಕೆ ಇಳಿಯಲೇಬೇಕು.

ನೀರಿನೊಂದಿಗೆ ಬಂದ ಪದಗಳು

ಕ್ರಿ.ಶ. 827ರಲ್ಲಿ ಸಿಸಿಲಿಯ ತೀರಕ್ಕೆ ಮುಸ್ಲಿಮರ ಹಡಗುಗಳು ಬಂದುವು. ಅವು ಹೊರಟಿದ್ದುದು ಇಂದಿನ ಟ್ಯುನೀಶಿಯದಿಂದ. ಹಿಂದೆ ಕಾರ್ಥೇಜ್ ಇದ್ದುದೂ ಅದೇ ಕರಾವಳಿಯಲ್ಲಿ. ಆ ಪಡೆಯ ನಾಯಕರು ವೃತ್ತಿಯಿಂದ ಸೇನಾನಿಯಲ್ಲ. ಅವರು ಕೈರವಾನಿನ ಖಾಝಿಗಳೂ ಪ್ರಸಿದ್ಧ ಕರ್ಮಶಾಸ್ತ್ರ ಪಂಡಿತರೂ ಆಗಿದ್ದ ಅಸದ್ ಬಿನ್ ಫುರಾತ್. ಮರುವರ್ಷವೇ ಅವರು ಸಿಸಿಲಿಯಲ್ಲಿ ಮರಣಹೊಂದಿದರು. ದ್ವೀಪವು ಮುಸ್ಲಿಮರ ಆಡಳಿತಕ್ಕೆ ಬರಲು ಅನೇಕ ದಶಕಗಳೇ ಹಿಡಿದುವು. 1091ರ ಹೊತ್ತಿಗೆ ನಾರ್ಮನ್ನರು ಅದನ್ನು ಪೂರ್ಣವಾಗಿ ವಶಪಡಿಸಿಕೊಂಡರು.

ಇಂದು ಸಿಸಿಲಿಯಲ್ಲಿ ಆ ಆಡಳಿತದ ಅರಮನೆಗಳನ್ನು ಹುಡುಕುವವರಿಗೆ ಸಿಗುವುದು ಬಹಳ ಕಡಿಮೆ. ಆದರೆ ತೋಟದ ಮಾಲಿಯ ಬಾಯಿಯಲ್ಲಿ ಅರಬೀ ಭಾಷೆ ಇಂದಿಗೂ ಉಳಿದಿದೆ. ನೀರು ಸಂಗ್ರಹಿಸುವ ಕಲ್ಲಿನ ತೊಟ್ಟಿಗೆ ಸಿಸಿಲಿಯವರು 'ಜೆಬ್ಬಿಯ' ಎನ್ನುತ್ತಾರೆ. ಅದು ಅರಬಿಯ 'ಜಾಬಿಯ'. ನೀರು ಹರಿಯುವ ಸಣ್ಣ ಕಾಲುವೆಗೆ 'ಸಾಯ' ಎನ್ನುತ್ತಾರೆ, ಅದು 'ಸಾಖಿಯ'. ಬಾವಿಯಿಂದ ನೀರೆತ್ತುವ ಚಕ್ರಕ್ಕೆ 'ಸೇನಿಯ' ಎನ್ನುತ್ತಾರೆ, ಅದು 'ಸಾನಿಯ'. ಕಿತ್ತಳೆ, ನಿಂಬೆಯ ಹೂವಿಗೆ ಅವರ ಮಾತಿನಲ್ಲಿ 'ಝಾಗರ' ಎಂದು ಹೆಸರು. ಅದರ ಮೂಲವು ಹೂವು ಎಂಬರ್ಥದ ಅರಬೀ ಪದ 'ಝಹ್ರ್'. ಅಗ್ರಿಜೆಂಟೊ ನಗರವನ್ನೇ ಜನರು 1927ರ ತನಕ ಕರೆಯುತ್ತಿದ್ದುದು ಅರಬರ ಉಚ್ಚಾರದಿಂದ ಬಂದ 'ಜಿರ್ಜೆಂತಿ' ಎಂಬ ಹೆಸರಿನಿಂದ. ಆಳಿದವರ ಆಜ್ಞೆಗಳು ಮರೆತುಹೋಗಿವೆ, ನೀರು ಹಾಯಿಸಿದವರ ಮಾತು ಉಳಿದಿದೆ.

ಕೊಲಿಂಬೆತ್ರದಲ್ಲಿ ನೀರಾವರಿ ನಡೆಯುವುದು ಈ ಹಳೆಯ ಪದ್ಧತಿಯಲ್ಲಿಯೇ. ಬಂಡೆಯಲ್ಲಿ ಜಿನುಗಿದ ನೀರು ಸುರಂಗದ ಮೂಲಕ ಸಣ್ಣಗೆ ಹರಿದು ಬರುತ್ತದೆ. ಅದನ್ನು ನೇರವಾಗಿ ಮರಗಳಿಗೆ ಬಿಟ್ಟರೆ ಮೊದಲ ಮರವನ್ನು ತಲಪುವ ಮುನ್ನವೇ ಮಣ್ಣು ಕುಡಿದುಬಿಡುತ್ತದೆ. ಆದುದರಿಂದ ತೊಟ್ಟಿಯಲ್ಲಿ ತುಂಬಿಸಿ, ಬಳಿಕ ಒಮ್ಮೆಲೇ ತೆರೆದು ಕಾಲುವೆಗೆ ಹಾಯಿಸುತ್ತಾರೆ. ಪ್ರತಿಯೊಂದು ಮರದ ಬುಡದಲ್ಲೂ ಮಣ್ಣಿನ ಏರಿ ಕಟ್ಟಿದ ಪಾತಿಯಿದೆ. ಮಾಲಿಯು ಗುದ್ದಲಿಯಿಂದ ಏರಿಯನ್ನು ಕಡಿದು ಒಂದು ಪಾತಿ ತುಂಬಿಸುತ್ತಾನೆ, ಅದನ್ನು ಮುಚ್ಚಿ ಮುಂದಿನದಕ್ಕೆ ದಾರಿ ಮಾಡುತ್ತಾನೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ನೆಲದ ಇಳಿಜಾರು ಮತ್ತು ಮನುಷ್ಯನ ಕೈ ಮಾತ್ರ.

ನಮ್ಮ ಕರಾವಳಿಯ ಓದುಗರಿಗೆ ಇದು ಅಪರಿಚಿತವೆನಿಸದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳು ಇಂದಿಗೂ ಅಡಿಕೆ ತೋಟಗಳಿಗೆ ನೀರುಣಿಸುತ್ತಿವೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಇಂತಹ ಸುರಂಗಗಳನ್ನು ಕೊರೆದು, ಹಲವು ಸಲ ವಿಫಲರಾದರೂ ಬಿಡದೆ ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೀದರಿನಲ್ಲಿ ಬಹ್ಮನಿ ಸುಲ್ತಾನರ ಕಾಲದ ಕರೇಜ್ ಎಂಬ ನೆಲದಡಿಯ ಕಾಲುವೆಗಳಿವೆ. ನೀರನ್ನು ಅರಸಿ ಬಂಡೆಯೊಳಗೆ ಹೋದ ಮನುಷ್ಯನ ಕತೆ ಎಲ್ಲ ಕಡೆಯೂ ಒಂದೇ. ಒಂದು ವ್ಯತ್ಯಾಸವಿದೆ: ಒಬ್ಬನು ತನ್ನ ಇಚ್ಛೆಯಿಂದ ಕೊರೆಯುತ್ತಾನೆ, ಇನ್ನೊಬ್ಬನು ಸಂಕೋಲೆಯ ಬಲದಿಂದ ಕೊರೆಯುತ್ತಾನೆ. ನೀರಿಗೆ ಆ ವ್ಯತ್ಯಾಸ ತಿಳಿಯದು. ನಮಗೆ ತಿಳಿಯಬೇಕು.

ಗಿಡಗಳ ತವರು

ಕೊಲಿಂಬೆತ್ರಕ್ಕೆ ಬರುವ ಸಂದರ್ಶಕನು ಮೇಲಿನ ಕಲ್ಲು ಮಣ್ಣಿನ ಬಿಸಿಲುದಾರಿಯಿಂದ ತಗ್ಗಿಗೆ ಇಳಿಯುತ್ತಾನೆ. ಇಳಿಜಾರಿನಲ್ಲಿ ಹಳೆಯ ಝೈತೂನ್ ಮರಗಳು, ಬಾದಾಮಿ, ಪಿಸ್ತಾ, ಪಾಪಾಸುಕಳ್ಳಿ. ಕಂದು ಬಣ್ಣದ ಉದ್ದನೆಯ ಸಿಹಿ ಕೋಡು ಬಿಡುವ ಮರವೊಂದಕ್ಕೆ ಅಲ್ಲಿಯವರು 'ಕರ್ರೂಬೊ' ಎನ್ನುತ್ತಾರೆ. ಅದೂ ಅರಬಿಯ 'ಖರ್ರೂಬ್'. ಕೆಳಗೆ ಹೊಳೆಯ ಬದಿಯ ಸಮತಟ್ಟಿನಲ್ಲಿ ಕಿತ್ತಳೆ, ನಿಂಬೆ, ಮ್ಯಾಂಡರಿನ್ ಮರಗಳು. ಮಾರುಕಟ್ಟೆಯಿಂದ ಮಾಯವಾಗುತ್ತಿರುವ ಹಳೆಯ ತಳಿಗಳನ್ನು ಇಲ್ಲಿ ಕಾಪಾಡಲಾಗಿದೆ. ಅಂಜೂರ, ದಾಳಿಂಬೆ, ಹಿಪ್ಪುನೇರಳೆಯೂ ಇವೆ.

ನೋಡುವವನು ಇದು ಅಪ್ಪಟ ಸಿಸಿಲಿಯ ದೃಶ್ಯವೆಂದು ಮೆಚ್ಚಿಕೊಳ್ಳುತ್ತಾನೆ. ಆದರೆ ಈ ಮರಗಳನ್ನು ನಿಮ್ಮ ಊರು ಯಾವುದೆಂದು ಕೇಳಿದರೆ ಏನು ಉತ್ತರ ಬಂದೀತು? ಕಿತ್ತಳೆ, ನಿಂಬೆಯ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು. ಅಂದರೆ ಈಶಾನ್ಯ ಭಾರತ, ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಪ್ರದೇಶ. ಸಂಸ್ಕೃತದ 'ನಾರಂಗ'ವು ಪಾರಸಿಯಲ್ಲಿ 'ನಾರಂಗ್' ಆಗಿ, ಅರಬಿಯಲ್ಲಿ 'ನಾರಂಜ್' ಆಗಿ, ಇಟಲಿಯಲ್ಲಿ 'ಅರಾಂಚ' ಆಯಿತು. ನಾವು ಚಹಕ್ಕೆ ಹಾಕುವ ಸಕ್ಕರೆಯೂ ಹಾಗೆಯೇ. 'ಶರ್ಕರ'ವು ಅರಬಿಯ 'ಸುಕ್ಕರ್' ಆಗಿ ಇಟಲಿಯ 'ಝುಕ್ಕೆರೊ' ಆಯಿತು. ಕಹಿ ಕಿತ್ತಳೆಯನ್ನು ಸಿಸಿಲಿಯಲ್ಲಿ ಬೆಳೆಸಿದವರು ಅರಬರು. ಸಿಹಿ ಕಿತ್ತಳೆ ಅಲ್ಲಿ ಹರಡಿದ್ದು ಅವರ ಆಡಳಿತ ಮುಗಿದು ಶತಮಾನಗಳಾದ ಮೇಲೆ. ಮ್ಯಾಂಡರಿನ್ ತಲಪಿದ್ದು 19ನೆಯ ಶತಮಾನದಲ್ಲಿ. ಪಾಪಾಸುಕಳ್ಳಿಯನ್ನು ಇಟಲಿಯವರು 'ಭಾರತದ ಅಂಜೂರ' ಎನ್ನುತ್ತಾರೆ. ಆದರೆ ಅದು ಭಾರತದ್ದೂ ಅಲ್ಲ, ಅಂಜೂರವೂ ಅಲ್ಲ. ಕೊಲಂಬಸನ ಯಾನದ ಬಳಿಕ ಅಮೆರಿಕದಿಂದ ಬಂದ ಗಿಡವದು.

ಝೈತೂನ್, ಪಿಸ್ತಾ, ಖರ್ರೂಬ್ ಮರಗಳು ಮೆಡಿಟರೇನಿಯನ್ ಬೇಸಿಗೆಯನ್ನು ಹೇಗೋ ತಾಳಿಕೊಳ್ಳಬಲ್ಲುವು. ಕಿತ್ತಳೆಗೆ ಅದು ಸಾಧ್ಯವಿಲ್ಲ. ನಮ್ಮಲ್ಲಿ ಮಳೆ ಸುರಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಸಿಸಿಲಿಯಲ್ಲಿ ಹನಿ ನೀರು ಬೀಳುವುದು ಅಪರೂಪ. ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ಮುಂಗಾರು ನಾಡಿನಿಂದ ಹೋದ ಮರವೊಂದು ಅಲ್ಲಿ ಬದುಕಬೇಕಾದರೆ ಆಕಾಶದಿಂದ ಬಾರದ ನೀರನ್ನು ಮನುಷ್ಯನ ಕೈ ಕೊಡಬೇಕು. ಒಂದು ಬೇಸಿಗೆ ಆ ಕೈ ಹಿಂದೆ ಸರಿದರೆ ಮರ ಬಾಡುತ್ತದೆ. ಸಿಸಿಲಿಯ ಪ್ರತಿಯೊಂದು ಹಳೆಯ ಕಿತ್ತಳೆ ಮರವೂ ಯಾರೋ ತಪ್ಪದೆ ಪಾಲಿಸಿದ ಕರ್ತವ್ಯಕ್ಕೆ ಸಾಕ್ಷಿಯಾಗಿದೆ.

ಹೆಮ್ಮೆಯಿಂದ ಹಕ್ಕು ಬರುವುದೇ?

ಇಂತಹ ಸಂಗತಿಗಳನ್ನು ಓದುವಾಗ ನಮ್ಮಲ್ಲಿ ಹೆಮ್ಮೆ ಮೂಡುವುದು ಸಹಜ. ನಮ್ಮವರು ಯುರೋಪಿಗೆ ನೀರಾವರಿ ಕಲಿಸಿದರು, ಕಿತ್ತಳೆ ಕೊಟ್ಟರು, ಸಕ್ಕರೆ ಕೊಟ್ಟರು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಬಳಿಕ ನಿಟ್ಟುಸಿರು ಬಿಡುತ್ತೇವೆ. ಆದರೆ ಈ ಹೆಮ್ಮೆಯನ್ನು ನ್ಯಾಯದ ತಕ್ಕಡಿಯಲ್ಲಿಟ್ಟು ನೋಡಿದ್ದೇವೆಯೇ?

ಮೊದಲನೆಯದಾಗಿ, ಥೆರೋನನ ಸೆರೆಯಾಳುಗಳಿಗಾಗಿ ಮರುಗುವ ನಾವು, ಮುಸ್ಲಿಮರ ದಂಡಯಾತ್ರೆಯಲ್ಲೂ ಊರುಗಳು ಮುತ್ತಿಗೆಗೊಳಗಾದುವು, ಜನರು ಸೆರೆಯಾದರು ಎಂಬುದನ್ನು ಮರೆಯಬಾರದು. ನಮ್ಮವರೆಂಬ ಕಾರಣಕ್ಕೆ ತಕ್ಕಡಿಯನ್ನು ವಾಲಿಸುವ ಅನುಮತಿ ನಮಗಿಲ್ಲ. ಸ್ವತಃ ತನಗೆ, ತನ್ನ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ಹೇಳಬೇಕೆಂಬುದು ಕುರ್‌ಆನಿನ ಆದೇಶವಾಗಿದೆ. ಸಾವಿರ ವರ್ಷ ಹಿಂದಿನವರ ವಿಷಯದಲ್ಲೇ ನಮಗೆ ಅದು ಸಾಧ್ಯವಾಗದಿದ್ದರೆ ಇಂದಿನ ನೆರೆಹೊರೆಯ ವಿಷಯದಲ್ಲಿ ಹೇಗೆ ಸಾಧ್ಯವಾದೀತು?

ಎರಡನೆಯದಾಗಿ, ಆ ಕಾಲದ ಮುಸ್ಲಿಮ್ ಸಮಾಜವನ್ನು ಕಣ್ಣಾರೆ ಕಂಡ ಇಬ್ನ್ ಹೌಕಲ್ ಎಂಬ ಪ್ರವಾಸಿಯ ಮಾತನ್ನೂ ನಾವು ಕೇಳಬೇಕು. ಹತ್ತನೆಯ ಶತಮಾನದಲ್ಲಿ ಪಲೆರ್ಮೊ ನಗರಕ್ಕೆ ಹೋದ ಅವರಿಗೆ ಅಲ್ಲಿನ ಮಸೀದಿಗಳ ಸಂಖ್ಯೆ ಕಂಡು ಬೆರಗಾಯಿತು. ಒಂದು ಬಾಣ ಹೋಗುವಷ್ಟು ದೂರದೊಳಗೆ ಹಲವು ಮಸೀದಿಗಳು. ವಿಚಾರಿಸಿದಾಗ, ಪ್ರತಿಯೊಬ್ಬನೂ ತನಗೊಂದು ಪ್ರತ್ಯೇಕ ಮಸೀದಿ ಇರಬೇಕೆಂದು ಬಯಸುವುದೇ ಇದಕ್ಕೆ ಕಾರಣವೆಂದೂ ಅದರ ಹಿಂದಿರುವುದು ಹಮ್ಮು ಎಂದೂ ತಿಳಿಯಿತು. ಅವರು ಅದನ್ನು ಕಟುವಾಗಿಯೇ ದಾಖಲಿಸಿದರು. ಆ ಮಸೀದಿಗಳಲ್ಲಿ ಒಂದಾದರೂ ಇಂದು ಮಸೀದಿಯಾಗಿ ಉಳಿದಿಲ್ಲ. ಹೆಸರಿಗಾಗಿ ಪವಿತ್ರ ಭವನವನ್ನೇ ಕಟ್ಟಿದರೂ ಕರ್ಮಪತ್ರದಲ್ಲಿ ಅದಕ್ಕೆ ಏನು ಬೆಲೆ ಸಿಕ್ಕೀತು? ಹೆಸರನ್ನು ಬಯಸದೆ ಕಾಲುವೆ ತೋಡಿದ ರೈತನ ಕೆಲಸವು ಅದಕ್ಕಿಂತ ಹಗುರವಾದೀತೇ? ಅದನ್ನು ಬಲ್ಲವನು ಅಲ್ಲಾಹನು ಮಾತ್ರ.

ಮೂರನೆಯದಾಗಿ, ಮುಂದೆ ನಡೆದುದನ್ನೂ ನೋಡಬೇಕು. 13ನೆಯ ಶತಮಾನದಲ್ಲಿ ಸಾಮ್ರಾಟ ಎರಡನೆಯ ಫ್ರೆಡರಿಕನು ಸಿಸಿಲಿಯ ಮುಸ್ಲಿಮರನ್ನು ದ್ವೀಪದಿಂದ ಇಟಲಿಯ ಲುಚೆರ ಎಂಬ ಊರಿಗೆ ಸಾಗಹಾಕಿದನು. 1300ರಲ್ಲಿ ಆ ಊರನ್ನೂ ನಾಶಮಾಡಿ ಅಲ್ಲಿದ್ದವರನ್ನು ಗುಲಾಮರಾಗಿ ಮಾರಲಾಯಿತು. ಆದರೆ ಅದೇ ಫ್ರೆಡರಿಕನು 1239ರಲ್ಲಿ, ಸಕ್ಕರೆ ತಯಾರಿಸಬಲ್ಲ ಜನರನ್ನು ಪೂರ್ವ ದೇಶದಿಂದ ಹುಡುಕಿ ಕಳುಹಿಸುವಂತೆ ಪತ್ರ ಬರೆಯಬೇಕಾಯಿತು. ಆ ವಿದ್ಯೆ ಪಲೆರ್ಮೊದಲ್ಲಿ ನಶಿಸುತ್ತಿತ್ತು. ದುಡಿಯುವ ಕೈಗಳನ್ನು ಹೊರಗಟ್ಟಿದವನು ಹೊಲವನ್ನು ಮಾತ್ರ ಉಳಿಸಿಕೊಂಡನು, ವಿದ್ಯೆಯನ್ನು ಕಳಕೊಂಡನು. ದ್ವೇಷದಿಂದ ನೆರೆಯವನನ್ನು ಓಡಿಸುವ ಸಮಾಜಗಳು ಯಾವ ಕಾಲದಲ್ಲಾದರೂ ಇದರಿಂದ ಪಾಠ ಕಲಿಯಬಹುದು.

ಹೀಗಿರುವಾಗ ಸಿಸಿಲಿಯ ಈ ತೋಟ ನಮ್ಮದೆಂದು ಹೇಳಲು ನಮಗೇನು ಹಕ್ಕಿದೆ? ಅರಬರು ನೆಟ್ಟ ಮರಗಳು ಎಂದೋ ಮಣ್ಣಾಗಿವೆ. ಅವರ ಬಳಿಕ ಎಂಟು ಒಂಬತ್ತು ಶತಮಾನಗಳ ಕಾಲ ಆ ಕಾಲುವೆಗಳ ಹೂಳು ತೆಗೆದವರು, ಸಸಿ ಕಸಿ ಮಾಡಿದವರು ಸಿಸಿಲಿಯ ಬಡ ರೈತರು. ಅವರು ಅರಬೀ ಪದಗಳನ್ನು ಅರಬೀ ಎಂದು ತಿಳಿಯದೆಯೇ ಕಾಪಾಡಿದರು. ಪೂರ್ವಜರ ಕೀರ್ತಿಯಲ್ಲಿ ಪಾಲು ಕೇಳುವವನು ಅವರ ದುಡಿಮೆಯಲ್ಲೂ ಪಾಲು ಹೊರಬೇಕಾಗುತ್ತದೆ.

ಪಾಳು ಬಿದ್ದ ತೋಟ ಮತ್ತೆ ಚಿಗುರಿತು

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ತೋಟವೂ ಪಾಳು ಬಿತ್ತು. ಯಾವ ಶತ್ರುವೂ ಬಂದು ಅದನ್ನು ನಾಶಮಾಡಲಿಲ್ಲ. ಸಣ್ಣ ತೋಟದ ದುಡಿಮೆಯಿಂದ ಹೊಟ್ಟೆ ತುಂಬದಾದಾಗ ದುಡಿಯುವವರು ಬಿಟ್ಟುಹೋದರು, ಅಷ್ಟೆ. ಮುಳ್ಳುಪೊದೆಗಳು ಮರಗಳನ್ನು ನುಂಗಿದುವು, ಕಲ್ಲಿನ ಏರಿಗಳು ಕುಸಿದುವು.

1999ರಲ್ಲಿ ಸಿಸಿಲಿಯ ಪ್ರಾಂತೀಯ ಸರಕಾರವು ಈ ಜಾಗವನ್ನು ಇಟಲಿಯ ಪರಂಪರೆ ಸಂರಕ್ಷಣಾ ಸಂಸ್ಥೆಯಾದ 'ಫೊಂದೊ ಆಂಬಿಯೆಂತೆ ಇತಾಲಿಯಾನೊ'ದ ವಶಕ್ಕೆ ಕೊಟ್ಟಿತು. ಮುಳ್ಳುಪೊದೆಗಳನ್ನು ಕಡಿದು, ಕಲ್ಲಿನ ಏರಿಗಳನ್ನು ಮತ್ತೆ ಕಟ್ಟಿ, ಕಾಲುವೆಗಳ ಹೂಳು ತೆಗೆದು, ಹಳೆಯ ಮರಗಳನ್ನು ಸವರಿ, 2001ರಲ್ಲಿ ತೋಟವನ್ನು ಸಾರ್ವಜನಿಕರಿಗೆ ತೆರೆಯಲಾಯಿತು.

ದುರಸ್ತಿ ಮಾಡುವವರ ಮುಂದೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಯಾವ ಕಾಲವನ್ನು ಮರಳಿ ತರಬೇಕು? ಥೆರೋನನ ಕೊಳವನ್ನು ಅಗೆದು ಹಂಸಗಳನ್ನು ಬಿಡಬೇಕೇ? ಅರಬರ ಕಾಲಕ್ಕೆ ಮರಳಬೇಕೆಂದು ಸಿಹಿ ಕಿತ್ತಳೆ, ಮ್ಯಾಂಡರಿನ್, ಪಾಪಾಸುಕಳ್ಳಿಗಳನ್ನು ಕಿತ್ತೊಗೆಯಬೇಕೇ? ಕೊಲಿಂಬೆತ್ರದಲ್ಲಿ ಉಳಿಸಿದ್ದು ಇವೆರಡನ್ನೂ ಅಲ್ಲ. ಕೊನೆಯ ರೈತರು ಬಿಟ್ಟುಹೋದ ಹಣ್ಣಿನ ತೋಟವನ್ನು. ಅದರಲ್ಲಿ ಗ್ರೀಕರ ಸುರಂಗವಿದೆ, ಅರಬರ ಕಾಲುವೆಯಿದೆ, ಚೀನಾದ ಹಣ್ಣಿದೆ, ಅಮೆರಿಕದ ಕಳ್ಳಿಯಿದೆ. ಯಾವುದೇ ಒಂದು ಕಾಲವನ್ನು ಶುದ್ಧವೆಂದು ಆರಿಸಿಕೊಂಡು ಉಳಿದುದನ್ನು ಅಳಿಸಿಹಾಕದಿರುವುದರಲ್ಲಿ ಒಂದು ವಿವೇಕವಿದೆ. ಇತಿಹಾಸದ ಒಂದು ಪುಟವನ್ನು ಮಾತ್ರ ನಮ್ಮದೆಂದು ಹಿಡಿದುಕೊಂಡು ಉಳಿದ ಪುಟಗಳನ್ನು ಹರಿಯಬಯಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರಿಗೆ ಒಂದು ಕಿತ್ತಳೆ ಮರವೇ ಉತ್ತರ ಹೇಳಬಲ್ಲುದು.

ಅನ್ಯಾಯದ ಬೇರು, ಸಿಹಿಯಾದ ಹಣ್ಣು

ಈಗ ಕಷ್ಟದ ಪ್ರಶ್ನೆಗೆ ಬರೋಣ. ಸಂಕೋಲೆ ತೊಟ್ಟವರು ಕೊರೆದ ಸುರಂಗದ ನೀರಿನಿಂದ ಬೆಳೆದ ನೆರಳಿನಲ್ಲಿ ನಾವು ಸುಖವಾಗಿ ಅಡ್ಡಾಡುವುದು ಸರಿಯೇ? ದಬ್ಬಾಳಿಕೆಯಿಂದ ಹುಟ್ಟಿದ ಸೌಂದರ್ಯವನ್ನು ಸವಿಯಬಹುದೇ?

ಕೆಲವರು ಹೇಳುತ್ತಾರೆ: ಆಗಿಹೋದದ್ದು ಆಗಿಹೋಯಿತು, ನಾವು ಚೆಲುವನ್ನು ನೋಡೋಣ. ಇನ್ನು ಕೆಲವರು ಹೇಳುತ್ತಾರೆ: ಅನ್ಯಾಯದ ಕಲೆಯಿರುವ ಯಾವುದನ್ನೂ ಮುಟ್ಟಬಾರದು. ಮೊದಲನೆಯ ಮಾತು ಹೃದಯವನ್ನು ಕಲ್ಲಾಗಿಸುತ್ತದೆ. ಎರಡನೆಯ ಮಾತು ಸಾಧ್ಯವಾಗದ್ದನ್ನು ಕೇಳುತ್ತದೆ. ಏಕೆಂದರೆ ಮನುಷ್ಯರ ದುಡಿಮೆಯ ಯಾವ ಹಳೆಯ ಕಾಲುವೆಯ, ಯಾವ ದಾರಿಯ ಬುಡ ಅಗೆದರೂ ಎಲ್ಲೋ ಒಂದು ಕಡೆ ಕಸಿದುಕೊಂಡ ಬೆವರು ಸಿಕ್ಕೇ ಸಿಗುತ್ತದೆ. ಸತ್ತವರಿಗೆ ಕೂಲಿ ಮರಳಿಸಲು ನಮ್ಮಿಂದಾಗದು. ಸುರಂಗವನ್ನು ಮುಚ್ಚಿದರೆ ಅವರ ನೋವು ಕಡಿಮೆಯಾಗದು. ಅವರ ಶ್ರಮವು ಎರಡನೆಯ ಸಲ ವ್ಯರ್ಥವಾದೀತು.

ನಡುವಿನ ದಾರಿ ಇದೆ. ಅನುಭವಿಸುವವನು ಋಣಿಯಾಗುತ್ತಾನೆ. ಅನ್ಯಾಯಕ್ಕೊಳಗಾದವರನ್ನು ನೆನೆಯುವುದು ಆ ಋಣದ ಮೊದಲ ಕಂತು. ತನ್ನ ಕಾಲದಲ್ಲಿ, ತನ್ನ ಕೈಯಳತೆಯಲ್ಲಿ ಅಂತಹ ಅನ್ಯಾಯ ನಡೆಯದಂತೆ ನೋಡಿಕೊಳ್ಳುವುದು ಎರಡನೆಯ ಕಂತು. ಪುರಾತನ ಸೆರೆಯಾಳುಗಳಿಗಾಗಿ ಕಣ್ಣೀರು ಸುರಿಸಿ, ತನ್ನ ತೋಟದ ಕೂಲಿಯಾಳಿಗೆ ಸಂಜೆ ಕೊಡಬೇಕಾದ ಹಣವನ್ನು ನಾಳೆಗೆ ಮುಂದೂಡುವವನ ಕಣ್ಣೀರಿಗೆ ಏನು ಬೆಲೆ? ಮನೆ ಕಟ್ಟುವಾಗ ದೂರದ ಊರಿನಿಂದ ಬಂದ ಕೆಲಸಗಾರರನ್ನು ತಗಡಿನ ಶೆಡ್ಡಿನಲ್ಲಿ ಮಲಗಿಸಿ, ಗೃಹಪ್ರವೇಶದ ದಿನ ಅವರನ್ನು ಮರೆತುಬಿಡುವ ನಾವು ಥೆರೋನನಿಗಿಂತ ಎಷ್ಟು ದೂರದಲ್ಲಿದ್ದೇವೆ?

ನಮ್ಮ ಕೈಯಲ್ಲಿರುವ ತೋಟ

ಕುರ್‌ಆನಿನಲ್ಲಿ ತೋಟದ ಯಜಮಾನರ ಎರಡು ದೃಷ್ಟಾಂತಗಳಿವೆ. ಅಲ್‌ಕಹ್ಫ್ ಅಧ್ಯಾಯದಲ್ಲಿ ದ್ರಾಕ್ಷಿ, ಖರ್ಜೂರ, ನಡುವೆ ಹರಿಯುವ ನೀರು ಇರುವ ಎರಡು ತೋಟಗಳ ಒಡೆಯನೊಬ್ಬನು ತನ್ನ ಸೊತ್ತು ಎಂದೂ ನಾಶವಾಗದೆಂದು ಗೆಳೆಯನೆದುರು ಕೊಚ್ಚಿಕೊಳ್ಳುತ್ತಾನೆ. ಅಲ್‌ಕಲಮ್ ಅಧ್ಯಾಯದಲ್ಲಿ ತೋಟದವರು ಬಡವರು ಬಾರದಂತೆ ನಸುಕಿನಲ್ಲೇ ಕೊಯ್ಲು ಮುಗಿಸಲು ಗುಟ್ಟಾಗಿ ಹೊರಡುತ್ತಾರೆ. ಇಬ್ಬರ ತೋಟವೂ ಉಳಿಯುವುದಿಲ್ಲ. ಇಬ್ಬರೂ ತೋಟಕ್ಕೆ ನೀರು ಹಾಯಿಸದೆ ಕೆಟ್ಟವರಲ್ಲ. ಮೊದಲನೆಯವನು ಕೊಟ್ಟವನನ್ನು ಮರೆತನು, ಎರಡನೆಯವರು ಪಡೆಯಬೇಕಾದವರನ್ನು ಮರೆತರು. ತೋಟವು ಅಮಾನತ್ತೆಂಬುದನ್ನು ಮರೆಯುವ ಎರಡು ದಾರಿಗಳಿವು.

ಮದೀನದಲ್ಲಿ ಕಾಲುವೆಯ ನೀರಿನ ಬಗ್ಗೆ ಹ. ಝುಬೈರ್(ರ) ಮತ್ತು ಅನ್ಸಾರರೊಬ್ಬರ ನಡುವೆ ವಿವಾದ ಬಂದಾಗ ಪ್ರವಾದಿಯವರು(ಸ) ನೀಡಿದ ತೀರ್ಮಾನವೂ ಇಲ್ಲಿ ಸ್ಮರಣೀಯವಾಗಿದೆ. ಮೇಲಿನ ತೋಟದವನು ಮೊದಲು ನೀರುಣಿಸಲಿ, ಬಳಿಕ ಕೆಳಗಿನವನಿಗೆ ಬಿಡಲಿ ಎಂಬುದು ಅದರ ಸಾರಾಂಶ. ನೀರಿನ ಮೇಲೆ ಮೊದಲ ಹಕ್ಕು ಇದ್ದವನಿಗೂ ಅದನ್ನು ಕಟ್ಟಿಹಾಕುವ ಹಕ್ಕಿಲ್ಲ. ಕೊಲಿಂಬೆತ್ರದ ಮಾಲಿಯು ಒಂದು ಪಾತಿಯನ್ನು ಮುಚ್ಚಿ ಮುಂದಿನದನ್ನು ತೆರೆಯುವಾಗ ಮಾಡುವುದು ಅದನ್ನೇ. ಒಂದು ತಲೆಮಾರು ಇನ್ನೊಂದಕ್ಕೆ ಮಾಡಬೇಕಾದುದೂ ಅದನ್ನೇ. ನಮ್ಮ ಪಾತಿ ತುಂಬಿದೆ. ಈಗ ಏರಿ ತೆರೆಯಬೇಕು.

ನೆಟ್ಟ ಮರದಿಂದ ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ನೆಟ್ಟವನಿಗೆ ಅದು ದಾನವಾಗಿ ದಾಖಲಾಗುತ್ತದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ತಿನ್ನುವವನು ನೆಟ್ಟವನ ಹೆಸರು ತಿಳಿದಿರಬೇಕೆಂಬ ಷರತ್ತು ಅದರಲ್ಲಿಲ್ಲ. ತಿನ್ನುವವನು ನಮ್ಮವನಾಗಿರಬೇಕೆಂಬ ಷರತ್ತೂ ಇಲ್ಲ. ಸಿಸಿಲಿಯ ಅನಾಮಿಕ ಅರಬ್ ಮಾಲಿಯು ಯಾವುದೋ ಒಂದು ಬೆಳಿಗ್ಗೆ ನೆಟ್ಟ ಸಸಿಯ ಪುಣ್ಯವು ಅಲ್ಲಿನ ಕ್ರೈಸ್ತ ಮಗುವೊಂದು ಹಣ್ಣು ತಿಂದಾಗಲೂ ಅವನಿಗೆ ಸಂದಿರಬಹುದು. ಅವನಿಗೆ ತೋಟದ ಮೇಲೆ ಅಷ್ಟೇ ಹಕ್ಕು. ಅದಕ್ಕಿಂತ ದೊಡ್ಡ ಹಕ್ಕು ಬೇರೇನಿದೆ?

ಹಾಗಾದರೆ ತೋಟ ಯಾರದು? ಭೂಮಿ ಅಲ್ಲಾಹನದು, ನೀರು ಅಲ್ಲಾಹನದು. ಕಟ್ಟಿಸಿದ ಅರಸನ ಹಕ್ಕು ಅವನ ಮರಣದೊಂದಿಗೆ ಮುಗಿಯಿತು. ಹೊಗಳಿಕೊಳ್ಳುವ ವಾರಸುದಾರನಿಗೆ ಹೊಗಳಿಕೆಯಷ್ಟೇ ದಕ್ಕುತ್ತದೆ. ಇಂದು ಬೆಳಿಗ್ಗೆ ಗುದ್ದಲಿ ಹಿಡಿದು ನೀರು ಹಾಯಿಸುತ್ತಿರುವವನ ಕೈಯಲ್ಲಿ ಅದು ಸ್ವಲ್ಪ ಕಾಲ ಅಮಾನತ್ತಾಗಿ ಇರುತ್ತದೆ.

ನಮ್ಮ ಪಾಲಿನ ಅಮಾನತ್ತುಗಳನ್ನು ಒಮ್ಮೆ ಎಣಿಸಿ ನೋಡೋಣ. ಅಜ್ಜ ತೋಡಿಸಿದ ಬಾವಿಯಲ್ಲಿ ಇಂದು ಕಸ ತುಂಬಿದೆಯೇ? ಮಸೀದಿಗೆ ಯಾರೋ ಪುಣ್ಯಾತ್ಮರು ವಕ್ಫ್ ಮಾಡಿದ ಜಮೀನಿನಲ್ಲಿ ತೆಂಗಿನ ಸಸಿ ಇದೆಯೇ, ಬರೇ ವ್ಯಾಜ್ಯವಿದೆಯೇ? ನಮ್ಮ ಪಂಪಿನ ನೀರು ಬೇಲಿಯಾಚೆಯ ಬಡವನ ಬಾವಿಯನ್ನು ಬತ್ತಿಸುತ್ತಿಲ್ಲವಷ್ಟೆ? ಅಂಗಳದ ಪೇರಳೆಗೆ ಕಲ್ಲೆಸೆಯುವ ಮಕ್ಕಳನ್ನು ಗದರಿಸುವ ಮುನ್ನ ನಾಲ್ಕು ಹಣ್ಣು ಕೊಯ್ದುಕೊಡುವಷ್ಟು ಮನಸ್ಸು ನಮಗಿದೆಯೇ? ನಮ್ಮ ಮಕ್ಕಳಿಗೆ ಸ್ಪೇನಿನ, ಸಿಸಿಲಿಯ ಕತೆ ಹೇಳುವುದರೊಂದಿಗೆ ಒಂದು ಸಸಿಯ ಬುಡಕ್ಕೆ ಪಾತಿ ಮಾಡುವುದನ್ನು ಕಲಿಸಿದ್ದೇವೆಯೇ?

ಪೂರ್ವಜರ ಕೀರ್ತಿಯನ್ನು ಹಾಡುವುದಕ್ಕೆ ಖರ್ಚು ಏನೂ ಇಲ್ಲ. ಒಂದು ಮರವನ್ನು ಐದು ಬೇಸಿಗೆ ದಾಟಿಸುವುದಕ್ಕೆ ನಿತ್ಯದ ತಾಳ್ಮೆ ಬೇಕು. ನಮ್ಮ ಬಳಿಕ ಬರುವವರು ನಮ್ಮ ಹೆಸರನ್ನು ಮರೆತರೂ ನಾವು ತೋಡಿದ ಕಾಲುವೆಯಲ್ಲಿ ನೀರು ಹರಿಯುತ್ತಿರಲಿ, ನಾವು ಬಿಟ್ಟುಹೋದ ನೆರಳಿನಲ್ಲಿ ಯಾರದೋ ಮಕ್ಕಳು ಕುಳಿತಿರಲಿ. ನಮ್ಮ ಪಾಲಿನ ಅಮಾನತ್ತನ್ನು ಕೆಡಿಸದೆ ಮುಂದಿನವರಿಗೆ ಒಪ್ಪಿಸಿಹೋಗುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ.